ಹಣಕ್ಕೆ ಕಿಡ್ನಿ ಕೊಡಿಸುವ ಇರಾನಿನ ಸೇವೆ: ಕೊಂಡವರಿಗೆ ಸಿಗುವುದೇನು, ಮಾರಿದವರಿಗೆ ಉಳಿಯುವುದೇನು

ಇರಾನಿನಲ್ಲಿ ಕಿಡ್ನಿ ಬೇಕಾದವರು ದಲ್ಲಾಳಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಡಯಾಲಿಸಿಸ್ ಮತ್ತು ಕಸಿ ರೋಗಿಗಳದ್ದೇ ಒಂದು ಸಂಘವಿದೆ. ವೈದ್ಯರ ಚೀಟಿ ಹಿಡಿದು ಅದರ ಕಚೇರಿಗೆ ಹೋದರೆ ಹೆಸರು ಬರೆದುಕೊಳ್ಳುತ್ತಾರೆ, ರಕ್ತದ ಗುಂಪಿಗೆ ಹೊಂದುವ ಮಾರಾಟಗಾರರನ್ನು ಗುರುತಿಸಿ ಎದುರು ಕೂರಿಸುತ್ತಾರೆ. 1988ರಲ್ಲಿ ಶುರುವಾದ ಪದ್ಧತಿ ಇದು. ಜೀವಂತ ಮನುಷ್ಯ ಹಣ ಪಡೆದು ಕಿಡ್ನಿ ಕೊಡುವುದನ್ನು ಸರ್ಕಾರವೇ ಒಪ್ಪಿ, ನಿಯಮ ಮಾಡಿ, ತಾನೂ ಒಂದು ಪಾಲು ಹಣ ಕೊಟ್ಟು ದೇಶದಾದ್ಯಂತ ನಡೆಸಿದ ಇನ್ನೊಂದು ಉದಾಹರಣೆ ಜಗತ್ತಿನಲ್ಲಿ ಇಲ್ಲ.

ನಮ್ಮಲ್ಲಿ ಕಿಡ್ನಿ ಜಾಲವೊಂದು ಸಿಕ್ಕಿಬಿದ್ದಾಗಲೆಲ್ಲ ‘ಹೇಗೂ ಕದ್ದುಮುಚ್ಚಿ ನಡೆಯುತ್ತಿದೆ, ಕಾನೂನಿನೊಳಗೆ ತಂದುಬಿಡಿ, ಬಡವರಿಗೆ ನಾಲ್ಕು ಕಾಸಾದರೂ ಸರಿಯಾಗಿ ಸಿಗಲಿ’ ಎಂಬ ಮಾತು ಏಳುತ್ತದೆ. ಹಾಗೆ ತಂದ ದೇಶದ ಸೇವೆ ಹೇಗಿದೆ ಎಂದು ಮೊದಲು ನೋಡಬೇಕು. ಯಾವುದೇ ಸೇವೆಯನ್ನು ಅಳೆಯುವ ಹಾಗೆ ಇದನ್ನೂ ಅಳೆಯಬಹುದು: ಏನು ಕೊಡುತ್ತೇನೆಂದಿತು, ಏನು ಕೊಟ್ಟಿತು, ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಕೆಟ್ಟುಹೋದಾಗ ಕೇಳುವವರು ಯಾರು.

ಶುರುವಾದ ಸಂದರ್ಭ ಗೊತ್ತಿರಬೇಕು. 1980ರ ದಶಕದಲ್ಲಿ ಇರಾಕ್ ಜೊತೆ ಯುದ್ಧ ನಡೆದಿತ್ತು. ಡಯಾಲಿಸಿಸ್ ಯಂತ್ರಗಳೂ ಬಿಡಿಭಾಗಗಳೂ ಸಾಲುತ್ತಿರಲಿಲ್ಲ. ಸರ್ಕಾರ ತನ್ನ ಖರ್ಚಿನಲ್ಲಿ ರೋಗಿಗಳನ್ನು ಕಸಿಗಾಗಿ ವಿದೇಶಕ್ಕೆ, ಹೆಚ್ಚಾಗಿ ಬ್ರಿಟನ್ನಿಗೆ, ಕಳಿಸುತ್ತಿತ್ತು. ಅದು ದುಬಾರಿ, ಹೋಗಿಬರುವವರೂ ಕೆಲವರೇ. ಮಿದುಳು ನಿಷ್ಕ್ರಿಯರಾದವರ ಅಂಗ ಪಡೆಯುವ ಕಾನೂನು ಅಲ್ಲಿ ಬಂದದ್ದು 2000ದಲ್ಲಿ. ಅಂದರೆ ಸತ್ತವರಿಂದ ಪಡೆಯುವ ದಾರಿ ತೆರೆಯುವ ಮೊದಲೇ ಬದುಕಿರುವವರಿಂದ ಕೊಳ್ಳುವ ದಾರಿ ತೆರೆದಿತ್ತು. ಈ ಹಿಂದುಮುಂದು ಮುಖ್ಯ. 2005ರ ಕೊನೆಯವರೆಗೆ ಅಲ್ಲಿ ನಡೆದ 19,609 ಕಿಡ್ನಿ ಕಸಿಗಳಲ್ಲಿ 15,365 ಕಿಡ್ನಿಗಳು ಸಂಬಂಧಿಕರಲ್ಲದ ಜೀವಂತ ವ್ಯಕ್ತಿಗಳವು, 3,421 ಸಂಬಂಧಿಕರವು. ಮೃತರಿಂದ ಬಂದವು ಬರೀ 823. ಕೊಳ್ಳಲು ಸಿಗುವಾಗ ಮನೆಯವರ ಹೊಟ್ಟೆ ಕೊಯ್ಯಿಸುವವರು ಕಡಿಮೆಯಾಗುತ್ತಾರೆ, ಮೃತರಿಂದ ಪಡೆಯುವ ವ್ಯವಸ್ಥೆ ಕಟ್ಟುವ ಅವಸರವೂ ಯಾರಿಗೂ ಇರುವುದಿಲ್ಲ.

ಹಂತಗಳು ಹೀಗಿವೆ. ಮೊದಲು ವೈದ್ಯರು ಮನೆಯವರ ಕಿಡ್ನಿಯೇ ಒಳ್ಳೆಯದೆಂದು ಹೇಳಬೇಕು. ಕೊಡುವವರಿಲ್ಲದಿದ್ದರೆ ಸ್ವಲ್ಪ ಕಾಲ, ಆರು ತಿಂಗಳವರೆಗೆ, ಮೃತರ ಕಿಡ್ನಿಗೆ ಕಾಯಲು ತಿಳಿಸಬೇಕು. ಅದೂ ಆಗದಿದ್ದರೆ ಸಂಘಕ್ಕೆ ಬರೆದುಕೊಡುತ್ತಾರೆ. ಮಾರಲು ಬಂದವರು ಸಂಘದಲ್ಲೇ ಹೆಸರು ಕೊಡುತ್ತಾರೆ. ಇಪ್ಪತ್ತರಿಂದ ಮೂವತ್ತೈದರೊಳಗಿನ ಪ್ರಾಯದವರನ್ನೇ ಆರಿಸುವುದು ವಾಡಿಕೆ, ಮನೆಯವರ ಒಪ್ಪಿಗೆಯೂ ಬೇಕು. ಕಸಿ ನಡೆಯುವುದು ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ, ಆಸ್ಪತ್ರೆ ಖರ್ಚು ಸರ್ಕಾರದ್ದು. ಜೋಡಿ ಕೂಡಿಸಿದ್ದಕ್ಕೆ ಸಂಘದವರಿಗಾಗಲಿ ಕಸಿ ಮಾಡುವ ತಂಡಕ್ಕಾಗಲಿ ಕಮಿಷನ್ ಇಲ್ಲ. ವಿದೇಶೀಯರು ಇರಾನಿಯನ ಕಿಡ್ನಿ ಕೊಳ್ಳುವಂತಿಲ್ಲ, ಕೊಡುವವರೂ ಪಡೆಯುವವರೂ ಒಂದೇ ದೇಶದವರಾಗಿರಬೇಕು. ಕಸಿಯಾದ ಮೇಲೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಬದುಕಿಡೀ ನುಂಗಬೇಕಾದ ಮಾತ್ರೆಗಳಿಗೆ ಸರ್ಕಾರದ ಸಹಾಯಧನವಿದೆ.

ಈ ಭಾಗಕ್ಕೆ ಒಳ್ಳೆಯ ಅಂಕ ಕೊಡಲೇಬೇಕು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಹಾಕಿದಂತೆ ಮಲಗುವ ಬದುಕು ಎಂಥದೆಂದು ಬಲ್ಲವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಮಿಷನ್ ತಿನ್ನುವ ಏಜೆಂಟನನ್ನು ನಡುವಿನಿಂದ ಎತ್ತಿ ಆ ಜಾಗದಲ್ಲಿ ರೋಗಿಗಳ ಸಂಘವನ್ನು ಕೂರಿಸಿದ್ದು, ಹಿತ್ತಲ ಕ್ಲಿನಿಕ್ಕಿನಿಂದ ಶಸ್ತ್ರಚಿಕಿತ್ಸೆಯನ್ನು ಬೋಧನಾ ಆಸ್ಪತ್ರೆಗೆ ತಂದದ್ದು, ಎರಡೂ ನಿಜವಾದ ಸುಧಾರಣೆಗಳು. ಪಡೆದವರಲ್ಲಿ ಬಡವರೂ ಇದ್ದರು. ಐನೂರು ಕಸಿಗಳನ್ನು ಪರಿಶೀಲಿಸಿದ ಅಲ್ಲಿನ ವೈದ್ಯರ ಅಧ್ಯಯನದಲ್ಲಿ ಕಿಡ್ನಿ ಪಡೆದವರ ಶೇ. 50ರಷ್ಟು ಮಂದಿ ಬಡ ವರ್ಗದವರು. ಉಳ್ಳವರು ಮಾತ್ರ ಕೊಂಡರು ಎಂಬ ಆರೋಪ ಅಷ್ಟರಮಟ್ಟಿಗೆ ನಿಲ್ಲುವುದಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಕಾಲಂ ನೋಡಿ: ಕೊಟ್ಟವರಲ್ಲಿ ಶೇ. 84 ಬಡವರು, ಉಳಿದ ಶೇ. 16 ಮಧ್ಯಮ ವರ್ಗದವರು. ಸಿರಿವಂತರು ಪಡೆದವರ ಪಟ್ಟಿಯಲ್ಲಿದ್ದಾರೆ, ಕೊಟ್ಟವರ ಪಟ್ಟಿಯಲ್ಲಿ ಒಬ್ಬರೂ ಇಲ್ಲ.

1999ರ ಹೊತ್ತಿಗೆ ಕಿಡ್ನಿಗೆ ಕಾಯುವವರ ಪಟ್ಟಿಯೇ ಇಲ್ಲವಾಯಿತು ಎನ್ನುವುದು ಈ ಸೇವೆಯ ದೊಡ್ಡ ಹೆಗ್ಗಳಿಕೆ. ಮಾರಾಟವನ್ನು ಬೆಂಬಲಿಸುವವರೆಲ್ಲ ಉದ್ಧರಿಸುವುದು ಇದನ್ನೇ. ಇದನ್ನು ಎಚ್ಚರಿಕೆಯಿಂದ ಓದಬೇಕು. ಹಳ್ಳಿಗಾಡಿನಲ್ಲಿ ಕಿಡ್ನಿ ಕೆಟ್ಟಿದೆಯೆಂದು ಗೊತ್ತಾಗದೆಯೇ ಸತ್ತವರು, ಡಯಾಲಿಸಿಸ್‌ವರೆಗೂ ತಲುಪದವರು ಯಾವ ಪಟ್ಟಿಗೂ ಸೇರುವುದಿಲ್ಲ. ಪಟ್ಟಿ ಖಾಲಿಯಾಯಿತು ಎಂದರೆ ಪಟ್ಟಿಗೆ ಬಂದವರಿಗೆ ಕಿಡ್ನಿ ಸಿಕ್ಕಿತು ಎಂದಷ್ಟೇ ಅರ್ಥ.

ಇನ್ನು ಬೆಲೆ. ಸರ್ಕಾರದ ಪಾಲು 1 ಕೋಟಿ ರಿಯಾಲ್ ಮತ್ತು ಒಂದು ವರ್ಷದ ಆರೋಗ್ಯ ವಿಮೆ ಆಗಿತ್ತು. ಒಂದು ಕೋಟಿ ಎಂದು ಬೆಚ್ಚಬೇಡಿ, 2005ರ ಸುಮಾರಿನ ಲೆಕ್ಕದಲ್ಲಿ ಅದು ಸಾವಿರ ಡಾಲರಿಗಿಂತ ತುಸು ಹೆಚ್ಚು. ಇದರ ಮೇಲೆ ಪಡೆಯುವವರು ‘ಉಡುಗೊರೆ’ ಕೊಡುತ್ತಾರೆ. ಅದನ್ನು ನಿಗದಿ ಮಾಡುವುದು ಸಂಘದ ಕಚೇರಿಯಲ್ಲಿ ಇಬ್ಬರೂ ಎದುರುಬದುರು ಕುಳಿತು ಆಡುವ ಮಾತುಕತೆಯಲ್ಲಿ. ಕೊಡಲಾಗದ ರೋಗಿಗೆ ದತ್ತಿ ಸಂಸ್ಥೆಗಳು ನೆರವಾಗುತ್ತವೆ. ಹೆಸರಿಗೆ ಉಡುಗೊರೆ, ನಡೆಯುವುದು ಚೌಕಾಸಿ. ಒಬ್ಬರಿಗೆ ಪ್ರಾಣದ ಅವಸರ, ಇನ್ನೊಬ್ಬರಿಗೆ ಸಾಲಗಾರನ ಅವಸರ. ಸರ್ಕಾರದ ಮೊತ್ತ ಹಣದುಬ್ಬರದ ಜೊತೆ ಏರಲಿಲ್ಲ, ರಿಯಾಲ್ ಕುಸಿದಂತೆ ಅದು ಕರಗುತ್ತ ಬಂತು, ಪೂರಾ ಭಾರ ಚೌಕಾಸಿಯ ಮೇಲೆ ಬಿತ್ತು. ಆಗ ಏನಾಯಿತು? ತೆಹ್ರಾನಿನಲ್ಲಿ ಆಸ್ಪತ್ರೆಗಳ ಸುತ್ತಲಿನ ಗೋಡೆಗಳ ಮೇಲೆ ರಕ್ತದ ಗುಂಪು, ವಯಸ್ಸು, ಮೊಬೈಲ್ ನಂಬರ್ ಬರೆದ ಚೀಟಿಗಳು ಕಾಣಿಸಿಕೊಂಡವು. ಸಂಘದ ಕಚೇರಿ ತೆರೆದೇ ಇದೆ, ಆದರೂ ಹೆಚ್ಚು ಸಿಗುತ್ತದೆಂದು ಮಾರುವವರು, ಬೇಗ ಸಿಗುತ್ತದೆಂದು ಕೊಳ್ಳುವವರು ಗೋಡೆಯ ಬಳಿ ಭೇಟಿಯಾಗುತ್ತಾರೆ. ಕಾನೂನಿನ ಮಾರುಕಟ್ಟೆ ಬಂದರೆ ಕಳ್ಳ ಮಾರುಕಟ್ಟೆ ತಾನಾಗಿ ಮುಚ್ಚುತ್ತದೆ ಎಂಬ ವಾದಕ್ಕೆ ಆ ಗೋಡೆಗಳೇ ಉತ್ತರ. ಬೆಲೆ ಕಟ್ಟಿದರೆ ಅದರ ಮೇಲೊಂದು ಬೆಲೆ ಹುಟ್ಟುತ್ತದೆ, ಕಟ್ಟದಿದ್ದರೆ ಚೌಕಾಸಿಯಲ್ಲಿ ಬಡವ ಸೋಲುತ್ತಾನೆ.

ನಮ್ಮ ಮುಖ್ಯ ಆಕ್ಷೇಪ ಬೆಲೆಯ ಬಗ್ಗೆ ಅಲ್ಲ, ಆ ಒಂದು ವರ್ಷದ ವಿಮೆಯ ಬಗ್ಗೆ.

ಒಂದು ಕಿಡ್ನಿ ತೆಗೆದ ಮೇಲೆ ಉಳಿದದ್ದು ಸ್ವಲ್ಪ ದೊಡ್ಡದಾಗಿ ಹೆಚ್ಚು ಕೆಲಸ ಹೊರುತ್ತದೆ. ಒಟ್ಟು ಸಾಮರ್ಥ್ಯ ಮೊದಲಿನ ಮೂರನೇ ಎರಡರಷ್ಟಕ್ಕೋ ಅದಕ್ಕೆ ತುಸು ಮೇಲಕ್ಕೋ ಬಂದು ನಿಲ್ಲುತ್ತದೆ. ಆರೋಗ್ಯವಂತನಿಗೆ ಅದು ಸಾಕು. ಶಸ್ತ್ರಚಿಕಿತ್ಸೆಯ ಸುತ್ತಮುತ್ತಲಿನ ಸಾವು ಅಮೆರಿಕದ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಮೂವರು. ಅಪಾಯ ತಡವಾಗಿ ಬರುವಂಥದ್ದು. ಅಮೆರಿಕದ ಸುಮಾರು 96,000 ದಾನಿಗಳನ್ನು ಹಿಂಬಾಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಹತ್ತು ಸಾವಿರ ದಾನಿಗಳಲ್ಲಿ ಸುಮಾರು 31 ಮಂದಿಯ ಕಿಡ್ನಿ ಪೂರ್ತಿ ವಿಫಲವಾಗುತ್ತದೆ. ಅಷ್ಟೇ ಆರೋಗ್ಯವಿದ್ದೂ ದಾನ ಮಾಡದವರಲ್ಲಿ ಆ ಸಂಖ್ಯೆ ಸುಮಾರು 4. ಇದು ಕಟ್ಟುನಿಟ್ಟಾಗಿ ತಪಾಸಣೆ ಮಾಡಿ ಆರಿಸಿದ ದಾನಿಗಳ ಲೆಕ್ಕ. ಹಾನಿ ಕಾಣಿಸಿಕೊಳ್ಳುವುದು ಹತ್ತು ಹದಿನೈದು ವರ್ಷದ ಆಚೆ, ವಿಮೆ ಮುಗಿಯುವುದು ಹನ್ನೆರಡನೇ ತಿಂಗಳಿಗೆ.

ನಡುವಿನ ವರ್ಷಗಳಲ್ಲಿ ಏನು ಕೆಡುತ್ತದೆಂಬುದು ಕಸಿ ವಿಭಾಗದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆ ಬಿಪಿ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ), ಮೂತ್ರದಲ್ಲಿ ಪ್ರೋಟೀನ್ ನೋಡಿಸಿಕೊಳ್ಳಬೇಕು. ಮೂರೂ ದೊಡ್ಡ ಖರ್ಚಿನವಲ್ಲ, ಆದರೆ ಒಂದು ದಿನದ ಕೂಲಿ ಬಿಡಬೇಕು. ಬಿಪಿ ಏರಿದ್ದು ತಲೆನೋವು ಬರುವವರೆಗೆ ತಿಳಿಯುವುದಿಲ್ಲ, ಕೆಲವರಿಗೆ ಆಗಲೂ ತಿಳಿಯುವುದಿಲ್ಲ. ಸಣ್ಣ ರಂಧ್ರಗಳ ಮೂಲಕ ಮಾಡುವ ಈಗಿನ ಲ್ಯಾಪ್ರೊಸ್ಕೋಪಿಕ್ ಶಸ್ತ್ರಚಿಕಿತ್ಸೆಯ ಬದಲು ಪಕ್ಕೆ ಸೀಳುವ ಹಳೆಯ ವಿಧಾನದಲ್ಲಿ ಕಿಡ್ನಿ ತೆಗೆದಿದ್ದರೆ ಪಕ್ಕೆನೋವು ವರ್ಷಗಟ್ಟಲೆ ಉಳಿಯಬಹುದು. ಗಾರೆ ಕೆಲಸದವರು, ಮೂಟೆ ಹೊರುವವರು ಆರು ವಾರ ಭಾರ ಎತ್ತಬಾರದು, ಆದರೆ ಸಾಲದ ಮನೆಯಲ್ಲಿ ಆರು ವಾರ ಕೂರಿಸಿ ಊಟ ಹಾಕುವವರಿಲ್ಲ. ಬೇಗ ಕೆಲಸಕ್ಕೆ ಹೋಗುತ್ತಾರೆ, ನೋವು ಬರುತ್ತದೆ, ಮೆಡಿಕಲ್ ಅಂಗಡಿಯಲ್ಲಿ ಡೈಕ್ಲೋಫೆನಾಕ್ ತೆಗೆದುಕೊಂಡು ನುಂಗುತ್ತಾರೆ. ಒಂದೇ ಕಿಡ್ನಿ ಉಳಿದವರು ಮುಟ್ಟಬಾರದ ಮಾತ್ರೆ ಅದು. ಯಾವ ಕೆಲಸ ಮಾಡಲಿಕ್ಕಾಗಿ ನೋವಿನ ಮಾತ್ರೆ ನುಂಗುತ್ತಾರೋ ಆ ಕೆಲಸದ ಬೆವರು, ನೀರಡಿಕೆಯೂ ಅದೇ ಕಿಡ್ನಿಯನ್ನು ದಣಿಸುತ್ತವೆ.

ಮಾರಿದವರನ್ನು ಕೇಳಿದ ಅಧ್ಯಯನಗಳೂ ಇದನ್ನೇ ತೋರಿಸುತ್ತವೆ. ಕೆರ್ಮಾನ್‌ಶಾಹ್ ನಗರದ ವೈದ್ಯರೊಬ್ಬರು ಕಿಡ್ನಿ ಮಾರಿದ 300 ಮಂದಿಯನ್ನು ಮಾತಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮತ್ತೆ ಅವಕಾಶ ಸಿಕ್ಕರೆ ಖಂಡಿತ ಮಾರುವುದಿಲ್ಲ ಎಂದವರು ಶೇ. 85. ಆಸ್ಪತ್ರೆಯಿಂದ ಮನೆಗೆ ಹೊರಟ ಹೊತ್ತಿನಲ್ಲೇ ಕೇಳಿದ ಸಮೀಕ್ಷೆಗಳಲ್ಲಿ ಮಾತ್ರ ತೃಪ್ತಿ ಹೇಳಿದವರು ಹೆಚ್ಚು. ಎರಡೂ ನಿಜವಿರಬಹುದು. ಕೈಯಲ್ಲಿ ಹಣ ಇರುವ ದಿನ ಕೇಳಿದರೆ ಒಂದು ಉತ್ತರ, ಹಣ ಕರಗಿ ಗಾಯದ ಗುರುತು ಮಾತ್ರ ಉಳಿದ ಮೇಲೆ ಕೇಳಿದರೆ ಇನ್ನೊಂದು.

ಈಗ ಇದರ ಪಕ್ಕದಲ್ಲಿ ಚೆನ್ನೈಯನ್ನು ಇಟ್ಟು ನೋಡಿ. 2001ರ ಫೆಬ್ರುವರಿಯಲ್ಲಿ ಅಲ್ಲಿ ಕಿಡ್ನಿ ಮಾರಿದ 305 ಮಂದಿಯ ಸಮೀಕ್ಷೆ ನಡೆಯಿತು, ಮಾರಿ ಸರಾಸರಿ ಆರು ವರ್ಷ ಕಳೆದಿತ್ತು. ಶೇ. 96 ಮಂದಿ ಮಾರಿದ್ದು ಸಾಲ ತೀರಿಸಲು. ಕೈಗೆ ಬಂದದ್ದು ಸರಾಸರಿ 1,070 ಡಾಲರ್, ಒಪ್ಪಿಕೊಂಡಿದ್ದಕ್ಕಿಂತ ಕಡಿಮೆ. ಸಾಲಕ್ಕಾಗಿ ಮಾರಿದವರಲ್ಲಿ ಶೇ. 74 ಮಂದಿಗೆ ಸಮೀಕ್ಷೆಯ ಹೊತ್ತಿಗೂ ಸಾಲವಿತ್ತು. ಮನೆಯ ವರಮಾನ ಮೂರನೇ ಒಂದರಷ್ಟು ಇಳಿದಿತ್ತು. ಆರೋಗ್ಯ ಕೆಟ್ಟಿತು ಎಂದವರು ಶೇ. 86. ಬೇರೆಯವರಿಗೆ ಮಾರಬೇಡಿ ಎನ್ನುತ್ತೇವೆ ಎಂದವರು ಶೇ. 79. ಮಾರಾಟ ಬೆಂಬಲಿಸುವವರು ಚೆನ್ನೈಯ ದುರ್ಗತಿಗೆ ದಲ್ಲಾಳಿಗಳನ್ನು, ಕಾನೂನಿನ ನಿಷೇಧವನ್ನು ದೂರುತ್ತಾರೆ. ಹಾಗಿದ್ದರೆ ದಲ್ಲಾಳಿಯಿಲ್ಲದ, ನಿಷೇಧವಿಲ್ಲದ ಕೆರ್ಮಾನ್‌ಶಾಹ್‌ನಲ್ಲಿ ಪಶ್ಚಾತ್ತಾಪದ ಪ್ರಮಾಣ ಅಷ್ಟೇ ಏಕಿದೆ? ಶೇ. 85 ಮತ್ತು ಶೇ. 79: ಒಂದು ಕಾನೂನಿನ ಒಳಗಿನದು, ಇನ್ನೊಂದು ಹೊರಗಿನದು. ಕಾನೂನು ಶಸ್ತ್ರಚಿಕಿತ್ಸೆಯ ಕೋಣೆಯನ್ನು ಶುಚಿ ಮಾಡಿತು. ಮನೆಗೆ ಹೋದ ಮೇಲಿನ ಬದುಕಿಗೆ ಅದರ ಕೈ ಚಾಚಲಿಲ್ಲ. ಬಡ್ಡಿ ಸಾಲಕ್ಕೆ ಕಾರಣವಾದದ್ದು ಕಡಿಮೆ ಕೂಲಿ. ಕಿಡ್ನಿ ಮಾರಿದ ಹಣ ಅಸಲಿಗೆ ಹೋಗುತ್ತದೆ, ಕೂಲಿ ಮಾಡುವ ಶಕ್ತಿ ಕಡಿಮೆಯಾಗಿರುತ್ತದೆ, ಮತ್ತೆ ಸಾಲ ಏಳುತ್ತದೆ.

ಎದುರು ವಾದಗಳಲ್ಲಿ ಬಲವಾದದ್ದೊಂದಿದೆ. ಬಡವನಿಗಿರುವ ಕೆಟ್ಟ ಆಯ್ಕೆಗಳಲ್ಲಿ ಕಿಡ್ನಿ ಮಾರುವುದೇ ಅವನಿಗೆ ವಾಸಿ ಅನಿಸಿದರೆ ಅದನ್ನೂ ಕಿತ್ತುಕೊಳ್ಳಲು ನೀವು ಯಾರು, ಬಡತನ ಹಾಗೇ ಬಿಟ್ಟು ಒಂದು ದಾರಿ ಮುಚ್ಚಿದರೆ ಅವನಿಗೇನು ಸಿಕ್ಕಿತು ಎಂದು ಬ್ರಿಟನ್ನಿನ ತತ್ವಜ್ಞಾನಿ ಜಾನೆಟ್ ರ‍್ಯಾಡ್‌ಕ್ಲಿಫ್ ರಿಚರ್ಡ್ಸ್ ಮುಂತಾದವರು ಕೇಳಿದ್ದಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಆಯ್ಕೆ ಒಮ್ಮೆ ಕಾನೂನಾದರೆ ಅದು ಮಾರುವವನ ಕೈಯಲ್ಲಿ ಮಾತ್ರ ಇರುವುದಿಲ್ಲ, ಸಾಲ ಕೊಟ್ಟವನಿಗೂ ತಿಳಿಯುತ್ತದೆ. ‘ಹೊಲ ಇಲ್ಲ, ಒಡವೆ ಇಲ್ಲ, ಕಿಡ್ನಿ ಇದೆಯಲ್ಲ’ ಎಂದು ಬಡ್ಡಿಯವನು ಬಾಗಿಲಲ್ಲಿ ನಿಂತು ಕೇಳಬಹುದು. ಮಾರಬಾರದ ವಸ್ತುವನ್ನು ಅಡವಿಡು ಎಂದು ಯಾರೂ ಕೇಳಲಾರರು. ನಿಷೇಧ ಬಡವನಿಗೆ ಕೊಡುವ ರಕ್ಷಣೆ ಇರುವುದು ಇಲ್ಲಿ.

ದೇಶದ ಆರೋಗ್ಯ ಇಲಾಖೆಯೊಂದೇ ಕೊಳ್ಳಲಿ, ವೈದ್ಯಕೀಯ ಅಗತ್ಯ ನೋಡಿ ಹಂಚಲಿ ಎಂಬ ಸಲಹೆಯನ್ನು 2003ರಲ್ಲಿ ಬ್ರಿಟನ್ನಿನ ನೀತಿಶಾಸ್ತ್ರ ಚಿಂತಕರಾದ ಎರಿನ್ ಮತ್ತು ಹ್ಯಾರಿಸ್ ಮುಂದಿಟ್ಟರು. ಇರಾನಿನ ಚೌಕಾಸಿಗಿಂತ ಅದು ಎಷ್ಟೋ ಮೇಲು. ಆದರೂ ಕೊಡುವವರ ಕಾಲಂನಲ್ಲಿ ಯಾರ ಹೆಸರಿರುತ್ತದೆ ಎಂಬುದನ್ನು ಅದೂ ಬದಲಿಸುವುದಿಲ್ಲ.

ಭಾರತದಲ್ಲಿ ಇರುವ ವ್ಯವಸ್ಥೆಯನ್ನೂ ಇದೇ ತಕ್ಕಡಿಗೆ ಹಾಕಬೇಕು. 1990ರ ದಶಕದಲ್ಲಿ ಕಿಡ್ನಿ ಮಾರಾಟದ ಹಗರಣಗಳಲ್ಲಿ ಬೆಂಗಳೂರಿನ ಹೆಸರೂ ಕೆಟ್ಟಿತ್ತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ಅಪರಾಧ ಮಾಡಿತು. 2011ರ ತಿದ್ದುಪಡಿಯ ನಂತರ ಶಿಕ್ಷೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಹತ್ತಿರದ ಸಂಬಂಧಿಕರಲ್ಲದವರು ಪ್ರೀತಿ ವಿಶ್ವಾಸದಿಂದ ಕೊಡುತ್ತೇನೆಂದರೆ ಇಬ್ಬರೂ ನಮೂನೆ 11ರಲ್ಲಿ ಅರ್ಜಿ ಹಾಕಿ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಸಮಿತಿ ಇಬ್ಬರ ನಂಟಿನ ಪುರಾವೆ, ಹಳೆಯ ಫೋಟೋ, ಹಿಂದಿನ ಮೂರು ವರ್ಷದ ವರಮಾನ ಕೇಳುತ್ತದೆ, ಸಂದರ್ಶನದ ವಿಡಿಯೋ ಮಾಡುತ್ತದೆ. ಜಾಲಗಳು ನುಸುಳುವ ಬಾಗಿಲು ಇದೇ. ಸುಳ್ಳು ಆಧಾರ್, ಸುಳ್ಳು ರೇಷನ್ ಕಾರ್ಡಿನಿಂದ ಕೂಲಿಯವನನ್ನು ಅಣ್ಣನನ್ನಾಗಿ, ಕೆಲಸದಾಕೆಯನ್ನು ಹೆಂಡತಿಯನ್ನಾಗಿ ಮಾಡುತ್ತಾರೆ. ವರಮಾನದ ಅಂತರ ಕಣ್ಣಿಗೆ ರಾಚುವಾಗಲೂ ಕಾಗದ ಸರಿಯಿದೆ ಎಂದು ಸಹಿ ಹಾಕುವ ಸಮಿತಿ ಇದ್ದರೆ ಕಾಯ್ದೆ ಎಷ್ಟು ಕಠಿಣವಾಗಿದ್ದೂ ಪ್ರಯೋಜನವಿಲ್ಲ.

ಮನೆಯವರೊಳಗಿನ ದಾನವೂ ಪೂರಾ ನಿರ್ಮಲವಲ್ಲ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ದುಡಿಯುವವನು ಅವನು, ಕೊಡುವವಳು ನೀನು ಎಂಬ ಒತ್ತಡಕ್ಕೆ ರಸೀದಿ ಇರುವುದಿಲ್ಲ. ದಾನಿಯನ್ನು ಮನೆಯವರಿಲ್ಲದ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು, ಮನಸ್ಸಿಲ್ಲ ಎಂದರೆ ‘ವೈದ್ಯಕೀಯವಾಗಿ ಹೊಂದಲಿಲ್ಲ’ ಎಂದು ಮನೆಯವರಿಗೆ ತಿಳಿಸಿ ಅವರ ಮಾನ ಕಾಯಬೇಕು. ಒಳ್ಳೆಯ ಕಸಿ ವಿಭಾಗಗಳು ಇದನ್ನು ಮಾಡುತ್ತವೆ.

ರಕ್ತದ ಗುಂಪು ಹೊಂದದೆ ಏಜೆಂಟನ ಕಡೆ ನೋಡುವ ಮನೆಯವರು ಮೊದಲು ಕೇಳಬೇಕಾದದ್ದು ಅದಲು ಬದಲು ಕಸಿಯ ಬಗ್ಗೆ. ನಿಮ್ಮ ಮನೆಯ ದಾನಿ ಇನ್ನೊಂದು ಮನೆಯ ರೋಗಿಗೆ, ಅವರ ದಾನಿ ನಿಮ್ಮವರಿಗೆ. 2011ರಿಂದ ಇದಕ್ಕೆ ಕಾನೂನಿನ ಒಪ್ಪಿಗೆ ಇದೆ. ಒಂದು ಕಡೆಯವರು ಆಮೇಲೆ ಹಿಂದೆ ಸರಿಯದಂತೆ ಶಸ್ತ್ರಚಿಕಿತ್ಸೆಗಳನ್ನು ಒಂದೇ ಹೊತ್ತಿಗೆ ಮಾಡುತ್ತಾರೆ.

ಮೃತರ ಅಂಗಗಳ ಹಂಚಿಕೆಗೆ ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ಇದೆ. 2023ರಲ್ಲಿ ರಾಜ್ಯದಲ್ಲಿ 178 ಮಂದಿ ಮೃತರ ಅಂಗದಾನ ಆಯಿತು. ಕಾಯುವವರ ಎದುರು ಇದು ತೀರಾ ಕಡಿಮೆ, ಆದರೆ ದೇಶದ ಮುಂಚೂಣಿ ರಾಜ್ಯಗಳಲ್ಲಿ ನಮ್ಮದೂ ಒಂದು. ದಾನದ ಅವಕಾಶ ಸೋರಿಹೋಗುವುದು ತೀವ್ರ ನಿಗಾ ಘಟಕದಲ್ಲಿ. ಮಿದುಳುಕಾಂಡ ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ನಮೂನೆ 10ಕ್ಕೆ ಸಹಿ ಹಾಕಬೇಕು. ಆ ಪರೀಕ್ಷೆ ಶುರುವಾಗದಿದ್ದರೆ ಮನೆಯವರನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ. ನೀವು ಪ್ರತಿಜ್ಞೆ ಕಾರ್ಡ್ ಮಾಡಿಸಿದ್ದರೂ ಕೊನೆಗೆ ಮನೆಯವರು ನಮೂನೆ 8ಕ್ಕೆ ಸಹಿ ಹಾಕಬೇಕು. ಆದ್ದರಿಂದ ಕಾರ್ಡ್ ಪರ್ಸಿನಲ್ಲಿಟ್ಟರೆ ಸಾಲದು, ಮನೆಯಲ್ಲಿ ಬಾಯಿಬಿಟ್ಟು ಹೇಳಿರಬೇಕು. ರೋಗಿಯ ಹೆಸರನ್ನು ಆಸ್ಪತ್ರೆಯ ಮೂಲಕ ನೋಂದಾಯಿಸಬೇಕು, ತಡಮಾಡಬೇಡಿ. 65 ದಾಟಿದವರನ್ನು ನೋಂದಾಯಿಸಬಾರದೆಂಬ ಮಿತಿಯನ್ನು ಕೇಂದ್ರ 2023ರಲ್ಲಿ ತೆಗೆದಿದೆ.

ಕಾಯ್ದೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಾಲಿದೆ. ‘ಪಾವತಿ’ ಎಂದರೇನೆಂದು ಹೇಳುವಾಗ, ಅಂಗ ಕೊಟ್ಟದ್ದರಿಂದ ದಾನಿಗೆ ನೇರವಾಗಿ ಆದ ಖರ್ಚು ಮತ್ತು ಕಳೆದುಕೊಂಡ ದುಡಿಮೆಯನ್ನು ತುಂಬಿಕೊಡುವುದು ಪಾವತಿಯಲ್ಲ ಎಂದು ಅದು ಹೊರಗಿಟ್ಟಿದೆ. ಮಾರಾಟವನ್ನು ಕಾನೂನು ಮಾಡದೆಯೇ ದಾನಿಯ ಆರು ವಾರದ ಕೂಲಿ, ಬಸ್ಸು ಖರ್ಚು, ಔಷಧಿ ಕೊಡಲು ಇಂದೇ ಅಡ್ಡಿಯಿಲ್ಲ. ಬದುಕಿಡೀ ವರ್ಷಕ್ಕೊಮ್ಮೆ ಉಚಿತ ತಪಾಸಣೆಗೂ ತಿದ್ದುಪಡಿ ಬೇಕಿಲ್ಲ. ಇಷ್ಟನ್ನು ಖಾತರಿ ಮಾಡದೆ ಮಾರುಕಟ್ಟೆ ತೆರೆಯೋಣ ಎನ್ನುವುದು ದಾನಿಯ ಮೇಲಿನ ಕಾಳಜಿಯಲ್ಲ.

ಹಿಂದೆ ಕಿಡ್ನಿ ಕೊಟ್ಟವರದೇ ಕಿಡ್ನಿ ಕೆಟ್ಟರೆ ಏನು? ಮೃತರ ಕಿಡ್ನಿ ಹಂಚುವ ರಾಷ್ಟ್ರೀಯ ಮಾನದಂಡದಲ್ಲಿ ಅವರಿಗೆ 5 ಹೆಚ್ಚುವರಿ ಅಂಕವಿದೆ. ಒಳ್ಳೆಯದೇ. ಆದರೆ ಅದೇ ಮಾನದಂಡದಲ್ಲಿ ಡಯಾಲಿಸಿಸ್‌ನಲ್ಲಿ ಕಳೆದ ಪ್ರತಿ ತಿಂಗಳಿಗೆ 1 ಅಂಕ. ತನ್ನ ಒಂದು ಕಿಡ್ನಿಯನ್ನು ಬೇರೊಬ್ಬರಿಗೆ ಕೊಟ್ಟ ಮನುಷ್ಯ ಸರದಿಯಲ್ಲಿ ಮುಂದೆ ಸರಿಯುವುದು ಐದು ತಿಂಗಳಷ್ಟು. ಅಂಥವರ ಹೆಸರು ಪಟ್ಟಿಯ ತಲೆಯ ಮೇಲಿರಬೇಕು, ಮತ್ತು ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ದಿನವೇ ಆ ಭರವಸೆಯನ್ನು ಬರೆದು ಅವರ ಕೈಗೆ ಕೊಡಬೇಕು.